ನಾಲ್ಕು ಇನಿಂಗ್ಸ್ ನೋಡಿ ತೀರ್ಪು: ದೇವದತ್ ಪಡಿಕ್ಕಲ್ ಚರ್ಚೆಯಲ್ಲಿ ನಾವು ಬಿಟ್ಟುಬಿಡುವ ಲೆಕ್ಕ

ಹುಮನಾಬಾದ್‌ನಿಂದ ಹೈದರಾಬಾದ್‌ಗೆ ಬಸ್ಸಿನಲ್ಲಿ ಮೂರ್ನಾಲ್ಕು ಗಂಟೆ. ಬೆಂಗಳೂರಿಗೆ ಇಡೀ ರಾತ್ರಿ ಬೇಕು. ಹಾಗಾಗಿ ಐಪಿಎಲ್ ಶುರುವಾದರೆ ಮಾಣಿಕನಗರ, ಹುಮನಾಬಾದ್, ಬಸವಕಲ್ಯಾಣದ ಹುಡುಗರು ಎರಡು ಪಾಳಯ ಆಗ್ತಾರೆ. ಒಂದು ಸನ್‌ರೈಸರ್ಸ್ ಕಡೆ, ಇನ್ನೊಂದು ಆರ್‌ಸಿಬಿ ಕಡೆ. ಆದರೆ 2025ರ ಏಪ್ರಿಲ್ ಮೊದಲ ವಾರಗಳಲ್ಲಿ ಎರಡೂ ಪಾಳಯ ಒಪ್ಪುತ್ತಿದ್ದ ಮಾತೊಂದಿತ್ತು: "ಈ ಪಡಿಕ್ಕಲ್‌ಗ ಯಾಕ ಆಡಸ್ಲತಾರೋ ಏನೋ!" ಅನುಭವ ಮಂಟಪದ ಸೀಮೆಯವರಿಗೆ ವಾದ ಮಾಡೋದನ್ನು ಯಾರೂ ಹೇಳಿಕೊಡಬೇಕಿಲ್ಲ, ಬಿಡಿ. ಆದರೆ ಈ ವಾದದಲ್ಲಿ ಎದುರು ಪಕ್ಷವೇ ಇರಲಿಲ್ಲ.

ಆ ಸೀಸನ್‌ನಲ್ಲಿ ದೇವದತ್ ಪಡಿಕ್ಕಲ್ ಅವರ ಮೊದಲ ಐದು ಸ್ಕೋರು ಹೀಗಿದ್ದವು: 10, 27, 4, 37, 1. ಐದು ಪಂದ್ಯ, ಒಂದೂ ಅರ್ಧಶತಕ ಇಲ್ಲ. ಮೊಬೈಲ್‌ನಲ್ಲಿ ಸ್ಕೋರ್ ಮಾತ್ರ ನೋಡುವವರಿಗೆ ಇದು ಸೋತವನ ಲೆಕ್ಕ. ಆದರೆ ಆ 27 ಬಂದದ್ದು ಚೆನ್ನೈ ವಿರುದ್ಧ 14 ಎಸೆತಗಳಲ್ಲಿ. ಆ 37 ಬಂದದ್ದು ಮುಂಬೈ ವಿರುದ್ಧ 22 ಎಸೆತಗಳಲ್ಲಿ. ಟಿ20ಯಲ್ಲಿ ಮೂರನೇ ಕ್ರಮಾಂಕದವನಿಂದ ತಂಡ ಕೇಳೋದು ಬಹುತೇಕ ಇದನ್ನೇ: ಬಂದು ಹೊಡೆ, ರನ್ ವೇಗ ಇಳಿಯೋಕೆ ಬಿಡಬೇಡ, ಔಟಾದರೆ ಆಗು. ನಾವು ಮಾತ್ರ ಇನ್ನೂ ಏಕದಿನ ಕ್ರಿಕೆಟ್ ಕಾಲದ ತಕ್ಕಡಿ ಹಿಡಿದು ಅರ್ಧಶತಕ ತೂಗುತ್ತಾ ಕೂತಿದ್ದೆವು.

ಮುಂದಿನ ಮೂರು ಸ್ಕೋರು: ಔಟಾಗದೆ 40, 61, 50. ಟ್ರೋಲ್ ಪುಟಗಳು ಒಂದೇ ವಾರದಲ್ಲಿ ರಾಗ ಬದಲಿಸಿದವು. ಆಮೇಲಿನ ಎರಡು: 0 ಮತ್ತು 17. ಅಷ್ಟರಲ್ಲಿ ತೊಡೆಯ ಸ್ನಾಯು ಗಾಯದಿಂದ ಅವರು ಟೂರ್ನಿಯಿಂದಲೇ ಹೊರಬಿದ್ದರು, ಮಯಂಕ್ ಅಗರ್ವಾಲ್ ಆ ಜಾಗಕ್ಕೆ ಬಂದರು. ಒಟ್ಟು 10 ಪಂದ್ಯ, 247 ರನ್, 150 ದಾಟಿದ ಸ್ಟ್ರೈಕ್ ರೇಟ್. ಹೋಗಿದ್ದ "ಫಾರ್ಮ್" ಯಾವಾಗ ವಾಪಸ್ ಬಂತು, ಮತ್ತೆ ಯಾವಾಗ ಹೋಯ್ತು? ಈ ಹತ್ತು ಅಂಕಿಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಕುಲುಕಿ ಬೇರೆ ಕ್ರಮದಲ್ಲಿ ತೆಗೆದಿದ್ದರೆ ನಾವು ಬೇರೆಯದೇ ಕಥೆ ಹೇಳ್ತಿದ್ದೆವು. ಒಟ್ಟು ಮೊತ್ತ ಮಾತ್ರ ಅಷ್ಟೇ ಇರ್ತಿತ್ತು.

ಇಲ್ಲಿ ಸ್ವಲ್ಪ ಗಣಿತ ಬೇಕು. ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ.

ಒಬ್ಬ ಒಳ್ಳೆಯ ಟಿ20 ಬ್ಯಾಟರ್ ಇದ್ದಾನೆ ಅಂದುಕೊಳ್ಳಿ. ನೂರು ಸಲ ಬ್ಯಾಟಿಂಗ್‌ಗೆ ಇಳಿದರೆ 45 ಸಲ 15 ರನ್ ಮುಟ್ಟದೆ ಔಟಾಗ್ತಾನೆ. ಈ ಆಟದ ಮಟ್ಟಿಗೆ ಇದು ವಿಚಿತ್ರ ಊಹೆಯೇನಲ್ಲ. ಅವನ ಸಾಮರ್ಥ್ಯ ಸೀಸನ್ ಪೂರ್ತಿ ಒಂದಿಷ್ಟೂ ಬದಲಾಗಲ್ಲ ಅಂತಲೂ ಇಟ್ಟುಕೊಳ್ಳಿ. 14 ಪಂದ್ಯಗಳ ಲೀಗ್‌ನಲ್ಲಿ ಅವನು ಎಲ್ಲೋ ಒಂದು ಕಡೆ ಸತತ ನಾಲ್ಕು ಸಲ 15ರೊಳಗೆ ಔಟಾಗುವ ಸಂಭವ ಎಷ್ಟು? ಲೆಕ್ಕ ಹಾಕಿದರೆ ಸುಮಾರು ಶೇ. 25 ಬರುತ್ತೆ. ಅಂದರೆ ಇಂಥ ನಾಲ್ಕು ಜನ ಸಮಬಲದ ಆಟಗಾರರಿದ್ದರೆ, ಅವರಲ್ಲಿ ಒಬ್ಬನಿಗೆ ಬರೀ ಅದೃಷ್ಟದ ಆಟದಿಂದಲೇ "ಫಾರ್ಮ್ ಹೋಗಿದೆ" ಅನ್ನಿಸಿಕೊಳ್ಳುವ ಪಾಳಿ ಬರುತ್ತೆ. ಅವನ ತಂತ್ರ ಕೆಟ್ಟಿಲ್ಲ, ಮನಸ್ಸು ಕೆಟ್ಟಿಲ್ಲ. ಆದರೂ ಆ ನಾಲ್ಕನೇ ಪಂದ್ಯದ ರಾತ್ರಿ ಅವನ ಪಾದಚಲನೆ ಸರಿಯಿಲ್ಲ ಅಂತ ವಿಡಿಯೊ ನಿಲ್ಲಿಸಿ ನಿಲ್ಲಿಸಿ ತೋರಿಸುವವರು ಹುಟ್ಟಿಕೊಳ್ತಾರೆ. ಆ ಪಾದಚಲನೆ ಅವನು ರನ್ ಹೊಡೆದ ದಿನವೂ ಹಾಗೇ ಇತ್ತೇ ಅಂತ ಯಾರೂ ಹಿಂದಕ್ಕೆ ಹೋಗಿ ನೋಡಲ್ಲ.

ಹಾಗಂತ ಟೀಕೆಯೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. 2024ರಲ್ಲಿ ಲಖನೌ ತಂಡಕ್ಕೆ ಪಡಿಕ್ಕಲ್ 7 ಪಂದ್ಯಗಳಲ್ಲಿ ಗಳಿಸಿದ್ದು 38 ರನ್, ಅದೂ ಸುಮಾರು 72ರ ಸ್ಟ್ರೈಕ್ ರೇಟ್‌ನಲ್ಲಿ. ಇದನ್ನು ಅದೃಷ್ಟದ ಹೆಸರಲ್ಲಿ ತೇಲಿಸೋಕೆ ಆಗಲ್ಲ. ಅದಕ್ಕೂ ಹಿಂದಿನ ದೂರಿನಲ್ಲೂ ಹುರುಳಿತ್ತು. 2020ರ ಸೆಪ್ಟೆಂಬರ್ 21ರಂದು ದುಬೈನಲ್ಲಿ, ಅದೂ ಹೈದರಾಬಾದ್ ವಿರುದ್ಧವೇ, 42 ಎಸೆತಗಳಲ್ಲಿ 56 ಹೊಡೆದು ಐಪಿಎಲ್‌ಗೆ ಕಾಲಿಟ್ಟರು. ಆ ವರ್ಷ 473 ರನ್, ಉದಯೋನ್ಮುಖ ಆಟಗಾರ ಪ್ರಶಸ್ತಿ. 2021ರಲ್ಲಿ ರಾಜಸ್ಥಾನ ವಿರುದ್ಧ ವಾಂಖೆಡೆಯಲ್ಲಿ 52 ಎಸೆತಗಳಲ್ಲಿ ಔಟಾಗದೆ 101, ಸೀಸನ್‌ಗೆ 411 ರನ್. ರನ್ನಿಗೆ ಬರ ಇರಲಿಲ್ಲ. ಆದರೆ ಸ್ಟ್ರೈಕ್ ರೇಟ್ ಎರಡೂ ವರ್ಷ 125ರ ಆಸುಪಾಸು. ಆಟದ ವೇಗ ಏರುತ್ತಿದ್ದ ಕಾಲದಲ್ಲಿ ಇವರು ಅಲ್ಲೇ ನಿಂತಿದ್ದಾರೆ ಅನ್ನೋದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಪ್ರಶ್ನೆ ನ್ಯಾಯವಾಗಿದ್ದರೂ ಉತ್ತರ ಹುಡುಕುವಾಗ ನಾವು ಆಟಗಾರನ ಮೈಮನಸ್ಸಿನೊಳಗೇ ಇಣುಕುತ್ತೇವೆ, ಅವನ ಸುತ್ತ ಏನಾಗಿದೆ ನೋಡಲ್ಲ.

2022ರ ಹರಾಜಿನಲ್ಲಿ ರಾಜಸ್ಥಾನ 7.75 ಕೋಟಿ ಕೊಟ್ಟು ಅವರನ್ನು ಕೊಂಡಿತು. ಅವರು ಹೆಸರು ಮಾಡಿದ್ದು ಆರಂಭಿಕರಾಗಿ. ಅಲ್ಲಿ ಜೋಸ್ ಬಟ್ಲರ್, ಯಶಸ್ವಿ ಜೈಸ್ವಾಲ್ ಇದ್ದರು. ಹಾಗಾಗಿ ಪಡಿಕ್ಕಲ್ ಹೆಚ್ಚಾಗಿ ಮೂರು, ನಾಲ್ಕನೇ ಕ್ರಮಾಂಕಕ್ಕೆ ಇಳಿದರು. ಪವರ್‌ಪ್ಲೇಯಲ್ಲಿ ಹೊಸ ಚೆಂಡಿಗೆ ಫೀಲ್ಡರ್‌ಗಳು ಒಳಗಿದ್ದಾಗ ಆಡುವುದೇ ಬೇರೆ, ಎಂಟನೇ ಓವರ್‌ನಲ್ಲಿ ಬಂದು ಸ್ಪಿನ್‌ಗೆ ಮೊದಲ ಎಸೆತದಿಂದ ಹೊಡೆಯುವುದೇ ಬೇರೆ. ಕಬಡ್ಡಿಯಲ್ಲಿ ರೈಡರ್‌ನನ್ನು ತಂದು ಕಾರ್ನರ್‌ನಲ್ಲಿ ನಿಲ್ಲಿಸಿ "ಯಾಕೋ ಪಾಯಿಂಟ್ ತರ್ತಿಲ್ಲ" ಅಂತ ಕೇಳಿದ ಹಾಗೆ. ಇದರ ನಡುವೆ ಕಾಯಿಲೆ. ಹೊಟ್ಟೆಯ ತೊಂದರೆಯಿಂದ ಸುಮಾರು ಹತ್ತು ಕೆಜಿ ತೂಕ ಇಳಿದಿತ್ತು ಅಂತ ಅವರೇ ಆಮೇಲೆ ಹೇಳಿಕೊಂಡರು. ಸ್ಕೋರ್‌ಕಾರ್ಡ್‌ನಲ್ಲಿ ತೂಕದ ಕಾಲಂ ಇರಲ್ಲ.

ಇನ್ನೂ ವಿಚಿತ್ರ ಇದೆ. ಲಖನೌಗೆ ಏಳು ಪಂದ್ಯದಲ್ಲಿ 38 ಹೊಡೆದ ಇದೇ ಮನುಷ್ಯ ಅದಕ್ಕೆ ಸ್ವಲ್ಪ ಮೊದಲು ಏನು ಮಾಡಿದ್ದರು? 2024ರ ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ಪಂಜಾಬ್ ವಿರುದ್ಧ ರಣಜಿಯಲ್ಲಿ 193. ಅದೇ ತಿಂಗಳು ಭಾರತ ಎ ಪರ ಇಂಗ್ಲೆಂಡ್ ಲಯನ್ಸ್ ವಿರುದ್ಧ 105. ಫೆಬ್ರುವರಿಯಲ್ಲಿ ಚೆನ್ನೈನಲ್ಲಿ ತಮಿಳುನಾಡು ವಿರುದ್ಧ 151. ಮಾರ್ಚ್ 7ರಂದು ಧರ್ಮಶಾಲಾದಲ್ಲಿ ಟೆಸ್ಟ್ ಪದಾರ್ಪಣೆ, ನಾಲ್ಕನೇ ಕ್ರಮಾಂಕದಲ್ಲಿ 65. ಅದೇ ಮಾರ್ಚ್ ಕೊನೆಗೆ ಐಪಿಎಲ್ ಶುರು. ಬಿಳಿ ಬಟ್ಟೆ ಬಿಚ್ಚಿಟ್ಟು ಬಣ್ಣದ ಬಟ್ಟೆ ಹಾಕಿದ ಕೂಡಲೇ ಪ್ರತಿಭೆ ಆವಿಯಾಗಿ ಹೋಯ್ತಾ? ಮೂರು ತಿಂಗಳು ಹೊರಗಿನ ಎಸೆತ ಬಿಡುವುದನ್ನೇ ಅಭ್ಯಾಸ ಮಾಡಿದ ಕೈ ಎರಡು ವಾರದಲ್ಲಿ ಅದೇ ಎಸೆತವನ್ನು ಸಿಕ್ಸರ್ ಎತ್ತಬೇಕಿತ್ತು. "ಫಾರ್ಮ್" ಅನ್ನುವ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ಕಸುಬನ್ನು ಸೇರಿಸಿಬಿಡ್ತೀವಿ.

ತಾಳ್ಮೆ ಯಾರಿಗೆ ಎಷ್ಟು ಸಿಗುತ್ತೆ?

ಇದೇ ರಾಜ್ಯದ ಎರಡು ಹೆಸರು ಪಕ್ಕದಲ್ಲಿಟ್ಟು ನೋಡೋಣ.

ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದರು. ಮುಂದಿನ ಟೆಸ್ಟ್‌ನಲ್ಲೇ ಅವರನ್ನು ಹೊರಗೆ ಕೂರಿಸಲಾಯಿತು. ಆಸ್ಟ್ರೇಲಿಯಾ ವಿರುದ್ಧ ಸಿಕ್ಕಿದ್ದು ನಾಲ್ಕು ಇನಿಂಗ್ಸ್: 26, 0, 23, 5. ಆಮೇಲೆ ಎಂಟು ವರ್ಷ ಟೆಸ್ಟ್ ಇಲ್ಲ. ಮೇಲೆ ಹೇಳಿದ ಸತತ ನಾಲ್ಕು ಸೋಲಿನ ಲೆಕ್ಕ ನೆನಪಿಸಿಕೊಳ್ಳಿ. ಅಷ್ಟು ಚಿಕ್ಕ ಪುರಾವೆ ಮೇಲೆ ಅಷ್ಟು ದೊಡ್ಡ ತೀರ್ಪು.

ಕೆ.ಎಲ್. ರಾಹುಲ್‌ಗೆ ಆದದ್ದು ಬೇರೆ. 2023ರ ಫೆಬ್ರುವರಿಯಲ್ಲಿ ವೆಂಕಟೇಶ್ ಪ್ರಸಾದ್ ಬಹಿರಂಗವಾಗಿಯೇ ಬರೆದರು: ಈ ಆಯ್ಕೆ ಆಟ ನೋಡಿ ಆಗ್ತಿಲ್ಲ, ಮುಲಾಜಿನಿಂದ ಆಗ್ತಿದೆ ಅನ್ನುವ ಅರ್ಥದಲ್ಲಿ. ಕರ್ನಾಟಕದ ಹಿರಿಯ ಬೌಲರ್ ಕರ್ನಾಟಕದ ಬ್ಯಾಟರ್ ಬಗ್ಗೆ ಹೀಗೆ ಬರೆದದ್ದಕ್ಕೆ ಇಲ್ಲಿ ಅನೇಕರಿಗೆ ನೋವಾಯ್ತು. ನನಗೆ ಆ ಪ್ರಶ್ನೆ ಬೇಕಾಗಿತ್ತು ಅನ್ನಿಸುತ್ತೆ. ರಾಹುಲ್ ಉಪನಾಯಕ ಸ್ಥಾನ ಕಳೆದುಕೊಂಡರು, ಇಂದೋರ್ ಟೆಸ್ಟ್‌ಗೆ ತಂಡದ ಹೊರಗುಳಿದರು. ಆದರೆ ಅವರಿಗೆ ಮರಳುವ ದಾರಿ ತೆರೆದೇ ಇತ್ತು. ಅದೇ ಡಿಸೆಂಬರ್‌ನಲ್ಲಿ ಸೆಂಚುರಿಯನ್‌ನಲ್ಲಿ 101 ಹೊಡೆದರು. ರಾಹುಲ್‌ಗೆ ಸಿಕ್ಕ ತಾಳ್ಮೆ ತಪ್ಪಲ್ಲ. ಅದು ಕರುಣ್‌ಗೆ ಯಾಕೆ ಸಿಗಲಿಲ್ಲ ಅನ್ನೋದಕ್ಕೆ ರನ್ನಿನ ಲೆಕ್ಕದಲ್ಲಿ ಉತ್ತರ ಇಲ್ಲ.

ಅಭಿಮಾನಿಗಳ ಜಗಳ ಇಲ್ಲಿ ರಾಜಕೀಯ ಆಗುತ್ತೆ. "ಅವನನ್ನು ತೆಗೀರಿ" ಅನ್ನುವ ಮಾತಿನ ಹಿಂದೆ ಎಷ್ಟು ಅವಕಾಶ ನ್ಯಾಯ, ಯಾರಿಗೆ ನ್ಯಾಯ ಅನ್ನುವ ಪ್ರಶ್ನೆ ಇದೆ. ಅದನ್ನು ಹುಮನಾಬಾದ್‌ನಲ್ಲಿ ನಿಂತು ಕೇಳಿದರೆ ಉತ್ತರ ಇನ್ನೂ ಚುಚ್ಚುತ್ತೆ.

ಪಡಿಕ್ಕಲ್ ಹುಟ್ಟಿದ್ದು ಕೇರಳದ ಎಡಪ್ಪಾಳ್‌ನಲ್ಲಿ, ಬಾಲ್ಯ ಕಳೆದದ್ದು ಹೈದರಾಬಾದ್‌ನಲ್ಲಿ. ಮಗನ ಕ್ರಿಕೆಟ್‌ಗಾಗಿ ಕುಟುಂಬ 2011ರಲ್ಲಿ ಬೆಂಗಳೂರಿಗೆ ಬಂತು. ತಂದೆ ತಾಯಿ ಮಾಡಿದ್ದು ದೊಡ್ಡ ತ್ಯಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರು ಬಿಟ್ಟು ಬೆಂಗಳೂರು ಸೇರೋಕೆ ಆಗುವ ಮನೆಗಳು ಎಷ್ಟಿವೆ? ಬೀದರ್ ಜಿಲ್ಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಸೇರುತ್ತೆ. ಮಾಣಿಕನಗರದ ಹುಡುಗ ವಯೋಮಿತಿಯ ಆಯ್ಕೆಗೆ ಹೋದರೆ ನೆಟ್‌ನಲ್ಲಿ ಸಿಗುವ ಕೆಲವು ಓವರ್, ಒಂದೆರಡು ಪಂದ್ಯ, ಅಷ್ಟರಲ್ಲಿ ತನ್ನನ್ನು ತೋರಿಸಿಕೊಳ್ಳಬೇಕು. ಅವತ್ತು ಸೊನ್ನೆಗೆ ಔಟಾದರೆ ಅವನ ಬಗ್ಗೆ ಚರ್ಚೆ ಮಾಡೋಕೆ ಅಭಿಮಾನಿಗಳೂ ಇಲ್ಲ, ಬೈಯೋಕೆ ಟ್ರೋಲ್ ಪುಟವೂ ಇಲ್ಲ. ಪಡಿಕ್ಕಲ್‌ಗೆ ಐದು ಪಂದ್ಯ ಜಾಸ್ತಿ ಆಯ್ತು ಅಂತ ನಾವು ಕೂಗುವಾಗ ಬಳಸುವ ಅಳತೆಗೋಲಿನಿಂದಲೇ ನಮ್ಮೂರ ಹುಡುಗರನ್ನು ಒಂದೇ ಪಂದ್ಯಕ್ಕೆ ಅಳೆದು ಕಳಿಸಲಾಗುತ್ತೆ.

371ಜೆ ಬಂದ ಮೇಲೆ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಈ ಭಾಗಕ್ಕೆ ಪಾಲು ಸಿಕ್ಕಿದೆ. ರಣಜಿ ತಂಡಕ್ಕೂ ಹಾಗೇ ಪಾಲು ಕೊಡಿ ಅಂತ ನಾನು ಕೇಳ್ತಿಲ್ಲ. ಆಯ್ಕೆಗೆ ಮುಂಚಿನ ಹಂತದ ಬಗ್ಗೆ ನನ್ನ ಮಾತು: ಒಬ್ಬ ಹುಡುಗನನ್ನು ಹತ್ತು ಹದಿನೈದು ಇನಿಂಗ್ಸ್ ನೋಡಬೇಕಾದರೆ ಅವನ ಊರಿನ ಹತ್ತಿರ ಅಷ್ಟು ಪಂದ್ಯ ನಡೀಬೇಕು. ಮಹಾರಾಜ ಟ್ರೋಫಿಯ ಮೊದಲ ಆವೃತ್ತಿ, ಅಂದರೆ 2022ರದ್ದು, ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್. ನಾಯಕ ಮನೀಷ್ ಪಾಂಡೆ, ತಂಡದಲ್ಲಿ ಪಡಿಕ್ಕಲ್ ಕೂಡ ಇದ್ದರು. ನಮ್ಮ ಕಡೆ ಖುಷಿಯೋ ಖುಷಿ. ಪಂದ್ಯಗಳು ನಡೆದದ್ದು ಮಾತ್ರ ಮೈಸೂರು, ಬೆಂಗಳೂರಿನಲ್ಲಿ. ಹೆಸರು ನಮ್ಮದು, ಮೈದಾನ ಅವರದು.

2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಕರುಣ್‌ಗೆ ಕೊನೆಗೂ ಟೆಸ್ಟ್ ತಂಡದ ಬಾಗಿಲು ತೆರೆಯಿತು. ವಿದರ್ಭಕ್ಕೆ ಹೋಗಿ, ರಣಜಿ ಫೈನಲ್‌ನಲ್ಲಿ ಶತಕ ಹೊಡೆದು ಗಳಿಸಿದ ಮರುಪ್ರವೇಶ ಅದು. ಇಂಗ್ಲೆಂಡ್‌ನಲ್ಲಿ 8 ಇನಿಂಗ್ಸ್, 205 ರನ್, ಓವಲ್‌ನಲ್ಲಿ ಒಂದು 57. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ಅವರನ್ನು ಕೈಬಿಟ್ಟರು. ಹೆಚ್ಚು ನಿರೀಕ್ಷೆ ಇತ್ತು ಅಂದರು ಮುಖ್ಯ ಆಯ್ಕೆಗಾರ ಅಜಿತ್ ಅಗರ್ಕರ್. ಆ ತಂಡಕ್ಕೆ ಬಂದವರು ಪಡಿಕ್ಕಲ್. ಒಬ್ಬ ಕನ್ನಡಿಗ ಹೋದ, ಇನ್ನೊಬ್ಬ ಬಂದ ಅಂತ ಇಲ್ಲಿ ಮತ್ತೆ ಎರಡು ಪಾಳಯ. ಅಹಮದಾಬಾದ್, ದೆಹಲಿ ಎರಡೂ ಟೆಸ್ಟ್‌ಗಳಲ್ಲಿ ಪಡಿಕ್ಕಲ್‌ಗೆ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ. ಸರಣಿ ಮುಗಿದಾಗ ಅವರ ಹೆಸರಿನ ಮುಂದೆ ಒಂದು ರನ್ನೂ ಇರಲಿಲ್ಲ, ಒಂದು ಎಸೆತವೂ ಇರಲಿಲ್ಲ.