ಕೋಡ್ ಬರೆದವರೇ ಗಿರಾಕಿಯನ್ನೂ ಅರಿಯಬೇಕು

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬಹುಪಾಲು ಬೆಳೆದದ್ದು ಸೇವೆಯ ಬಲದಿಂದ. ಹೊರದೇಶದ ಬ್ಯಾಂಕೋ ವಿಮಾ ಕಂಪನಿಯೋ ತನಗೇನು ಬೇಕೆಂದು ಬರೆದು ಕಳಿಸುತ್ತದೆ, ಇಲ್ಲಿನ ಎಂಜಿನಿಯರುಗಳು ಕಟ್ಟಿಕೊಡುತ್ತಾರೆ. ಯಾರಿಗೆ ಬೇಕು, ಯಾಕೆ ಬೇಕು, ಎಷ್ಟು ಕೊಟ್ಟು ಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಬೇರೆ ಯಾರೋ ಉತ್ತರ ಕಂಡುಕೊಂಡ ಮೇಲೆಯೇ ಕೆಲಸ ಇವರ ಕೈಗೆ ಬರುತ್ತದೆ. ಹಾಗೆ ವರ್ಷಗಟ್ಟಲೆ ದುಡಿದವರು ಸ್ವಂತದ್ದೊಂದು ಆ್ಯಪ್ ಮಾಡಹೊರಟಾಗ ಎಡವುವುದು ಕೋಡಿನಲ್ಲಲ್ಲ, ಈ ಮೂರು ಪ್ರಶ್ನೆಗಳಲ್ಲಿ. ಮಾರ್ಕೆಟಿಂಗ್ ಎಂದರೆ ಜಾಹೀರಾತು, ಅದು ಸರಕು ಸಿದ್ಧವಾದ ಮೇಲೆ ಬೇರೆಯವರು ಮಾಡುವ ಕೆಲಸ ಎಂಬ ನಂಬಿಕೆ ಆಳವಾಗಿ ಬೇರೂರಿದೆ. ಆದರೆ ಸಾಫ್ಟ್‌ವೇರಿನ ಮಟ್ಟಿಗೆ ಮಾರ್ಕೆಟಿಂಗಿನ ದೊಡ್ಡ ಪಾಲು ಆ ಸಾಫ್ಟ್‌ವೇರಿನ ಒಳಗೇ ಇರುತ್ತದೆ. ಅದನ್ನು ಅಲ್ಲಿ ಇಡಬಲ್ಲವರು ಕೋಡ್ ಬರೆಯುವವರೇ.

ಇದಕ್ಕೆ ಬೆಂಗಳೂರಿನ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಶ್ಯಾಮ್ ಸುಂದರ್ ಗೋಯೆಂಕಾ ಕಾರ್ಖಾನೆ, ಗಿರಣಿಗಳಿಗೆ ಕಚ್ಚಾವಸ್ತು ಮತ್ತು ಬಿಡಿಭಾಗ ಪೂರೈಸುತ್ತಿದ್ದ ವ್ಯಾಪಾರಸ್ಥರು. ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗದಾಗ ಮಗ ಭರತ್ ಗೋಯೆಂಕಾ ಅವರಿಂದಲೇ ಬರೆಸಿದರು. 1986ರಲ್ಲಿ ಕಂಪನಿ ಶುರುವಾಯಿತು. ಆಗಿನ ಲೆಕ್ಕದ ಸಾಫ್ಟ್‌ವೇರುಗಳು ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೇಳುತ್ತಿದ್ದವು. ಟ್ಯಾಲಿ ಅದನ್ನು ಕೈಬಿಟ್ಟು, ಲೆಡ್ಜರಿನಲ್ಲಿ ಬರೆಯುತ್ತಿದ್ದ ಹೆಸರನ್ನೇ ಟೈಪ್ ಮಾಡಲು ಬಿಟ್ಟಿತು. ಇದು ಬರೀ ತಾಂತ್ರಿಕ ಸುಧಾರಣೆಯಲ್ಲ. ದುಡ್ಡು ಕೊಡುವವನು ಮಾಲೀಕ, ದಿನವೂ ಅದರ ಮುಂದೆ ಕೂರುವವನು ಗುಮಾಸ್ತ. ಗುಮಾಸ್ತ ಅಂಜಿದರೆ ಮಾಲೀಕ ಕೊಳ್ಳುವುದಿಲ್ಲ. ಆ ಅಂಜಿಕೆಯನ್ನು ಕಳೆದದ್ದು ಒಂದು ಕೋಡಿಂಗ್ ನಿರ್ಧಾರ. ಇನ್ನೊಂದು ನಿರ್ಧಾರ ನನ್ನ ಮಟ್ಟಿಗೆ ಇನ್ನೂ ದೊಡ್ಡದು. ಲೈಸೆನ್ಸ್ ಇಲ್ಲದವರಿಗೂ ಟ್ಯಾಲಿ ಎಜುಕೇಶನಲ್ ಮೋಡ್‌ನಲ್ಲಿ ತೆರೆದುಕೊಳ್ಳುತ್ತದೆ, ಆದರೆ ತಿಂಗಳಿನ ಕೆಲವೇ ತಾರೀಖುಗಳಿಗೆ ಮಾತ್ರ ವೋಚರ್ ನಮೂದಿಸಬಹುದು. ಕಲಿಯುವವರಿಗೆ ಅಷ್ಟು ಸಾಕು, ವ್ಯಾಪಾರ ನಡೆಸುವವರಿಗೆ ಸಾಲದು. ತಾಲ್ಲೂಕು ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳ ಬೋರ್ಡಿನಲ್ಲಿ ಟ್ಯಾಲಿಯ ಹೆಸರು ಕಾಣದಿರುವುದು ಅಪರೂಪ. ಬಿ.ಕಾಂ. ಮುಗಿಸಿದವರು ಅದನ್ನು ಕಲಿತು ಬರುತ್ತಾರೆ, ಕೆಲಸ ಕೊಡುವವರು ‘ಟ್ಯಾಲಿ ಬರುತ್ತಾ?’ ಎಂದು ಕೇಳುತ್ತಾರೆ. ಯಾವ ಜಾಹೀರಾತೂ ಗಳಿಸಿಕೊಡಲಾರದ ಜಾಗವಿದು.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಆರಂಭಿಸಿದ ಹಾಟ್‌ಮೇಲ್ ಕೂಡ ಇದೇ ಮಾತು ಹೇಳುತ್ತದೆ. ಹೂಡಿಕೆದಾರ ಟಿಮ್ ಡ್ರೇಪರ್ ಅವರ ಸಲಹೆಯಂತೆ, ಹೊರಹೋಗುವ ಪ್ರತಿ ಪತ್ರದ ಕೊನೆಗೆ ‘ನೀವೂ ಉಚಿತ ಇಮೇಲ್ ಪಡೆಯಿರಿ’ ಎಂಬರ್ಥದ ಒಂದು ಸಾಲು ಸೇರಿತು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವ ಹೊತ್ತಿಗೆ ಬಳಕೆದಾರರು 80 ಲಕ್ಷ ದಾಟಿದ್ದರು. ಡ್ರಾಪ್‌ಬಾಕ್ಸ್ ಕಂಪನಿಯ ಲೆಕ್ಕ ಇನ್ನೂ ಸ್ಪಷ್ಟ. ಕಡತಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಡುವ ಅದರ 99 ಡಾಲರಿನ ಸೇವೆಗೆ ಒಬ್ಬ ಗಿರಾಕಿಯನ್ನು ಗೂಗಲ್ ಜಾಹೀರಾತಿನಿಂದ ತರಲು 233ರಿಂದ 388 ಡಾಲರ್ ಖರ್ಚಾಗುತ್ತಿತ್ತು ಎಂದು ಸಂಸ್ಥಾಪಕ ಡ್ರೂ ಹ್ಯೂಸ್ಟನ್ ಅವರೇ ಹೇಳಿದ್ದಾರೆ. ಅವರು ಬೇರೆ ದಾರಿ ಹಿಡಿದರು: ಗೆಳೆಯನನ್ನು ಕರೆತಂದರೆ ಇಬ್ಬರಿಗೂ ಹೆಚ್ಚುವರಿ ಜಾಗ. ಇದೂ ಸಾಫ್ಟ್‌ವೇರಿನೊಳಗೆ ಬರೆದ ವ್ಯವಸ್ಥೆಯೇ.

ಒಳ್ಳೆಯ ಸರಕು ತಾನೇ ಮಾರಾಟವಾಗುತ್ತದೆ, ವಾಟ್ಸ್‌ಆ್ಯಪ್ ಯಾವ ಜಾಹೀರಾತು ಕೊಟ್ಟಿತ್ತು ಎಂದು ಕೇಳುವವರಿದ್ದಾರೆ. ನಿಜ, 2014ರಲ್ಲಿ ಫೇಸ್‌ಬುಕ್ ಅದನ್ನು ಕೊಳ್ಳುವುದಾಗಿ ಪ್ರಕಟಿಸಿದಾಗ 45 ಕೋಟಿ ಬಳಕೆದಾರರಿಗೆ ಅಲ್ಲಿದ್ದದ್ದು ಐವತ್ತು ಚಿಲ್ಲರೆ ಸಿಬ್ಬಂದಿ. ಆದರೆ ವಾಟ್ಸ್‌ಆ್ಯಪ್ ಹೊಸ ಹೆಸರು, ಪಾಸ್‌ವರ್ಡ್ ಯಾವುದನ್ನೂ ಕೇಳಲಿಲ್ಲ. ಫೋನ್ ನಂಬರನ್ನೇ ಗುರುತಾಗಿಸಿಕೊಂಡಿತು, ಫೋನಿನಲ್ಲಿದ್ದ ಪರಿಚಿತರಲ್ಲಿ ಯಾರು ಈಗಾಗಲೇ ಅಲ್ಲಿದ್ದಾರೆಂದು ತೋರಿಸಿತು. ತಾನೇ ಮಾರಾಟವಾದಂತೆ ಕಂಡದ್ದರ ಹಿಂದೆ ಬಳಕೆದಾರನ ಬದುಕನ್ನು ಬಲ್ಲವರ ಯೋಚನೆಯಿತ್ತು. ಹಾಗಾದರೆ ಬಲ್ಲವರೊಬ್ಬರನ್ನು ಸಂಬಳಕ್ಕೆ ಇಟ್ಟುಕೊಂಡರೆ ಸಾಲದೇ? ದೊಡ್ಡ ಕಂಪನಿಗೆ ಆದೀತು. ಇಬ್ಬರು ಮೂವರು ಸೇರಿ ನಡೆಸುವ ಸಂಸ್ಥೆಗೆ ಅದು ಕೈಗೆಟಕದು. ಎಟಕಿದರೂ ಆ ವ್ಯಕ್ತಿ ಬರುವಷ್ಟರಲ್ಲಿ ಮುಖ್ಯ ನಿರ್ಧಾರಗಳೆಲ್ಲ ಕೋಡಿನಲ್ಲಿ ಗಟ್ಟಿಯಾಗಿರುತ್ತವೆ.

ಮಾರ್ಕೆಟಿಂಗ್ ಎಂದರೆ ಮೋಸದ ಅಂಚಿನ ಕಸುಬು ಎಂಬ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುತ್ತೇನೆ. ಅದಕ್ಕೆ ಆಧಾರವಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವುದು, ಚಂದಾ ನಿಲ್ಲಿಸಲಾಗದಂತೆ ಸುತ್ತಿಸುವುದು ಮುಂತಾದ 13 ಬಗೆಯ ವಂಚನೆಯ ವಿನ್ಯಾಸಗಳನ್ನು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿ ನಿಷೇಧಿಸಿತು. ಆದರೆ ಅವುಗಳನ್ನೂ ಡೆವಲಪರ್‌ಗಳೇ ಬರೆದುಕೊಡಬೇಕಲ್ಲವೇ? ಪ್ರಾಮಾಣಿಕವಾಗಿ ಗಿರಾಕಿಯನ್ನು ತಲುಪುವ ದಾರಿ ತಿಳಿದವರು ಮಾತ್ರ ಅಂಥ ಬೇಡಿಕೆ ಬಂದಾಗ ‘ಇದು ಬೇಡ, ಹೀಗೆ ಮಾಡೋಣ’ ಎನ್ನಬಲ್ಲರು.

ಕಲಿಯಬೇಕಾದ್ದು ತುಂಬ ಇಲ್ಲ, ಆದರೆ ಅದನ್ನು ಮೊದಲೇ ಕಲಿಯಬೇಕು. ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಸಾಫ್ಟ್‌ವೇರ್ ಮಾಡುವವರು ಮೊದಲ ಸಾಲು ಬರೆಯುವ ಮುನ್ನ ಅಲ್ಲಿನ ಕಾರ್ಯದರ್ಶಿಯ ಎದುರು ಕೂರಬೇಕು. ಖರ್ಚಿಗೆ ಒಪ್ಪಿಗೆ ಕೊಡುವ ಆಡಳಿತ ಮಂಡಳಿ ಏನು ಕೇಳುತ್ತದೆ, ಆಡಿಟ್ ಹೊತ್ತಿಗೆ ಯಾವ ವರದಿಗೆ ಪರದಾಟ, ಪಕ್ಕದ ಊರಿನ ಸಂಘದವರ ಮಾತಿಗೆ ಎಷ್ಟು ತೂಕ ಎಂಬುದು ತಿಳಿದರೆ ಮೊದಲು ಯಾವುದನ್ನು ಕಟ್ಟಬೇಕು, ಎಷ್ಟು ಬೆಲೆ ಇಡಬೇಕು, ಯಾವ ಸಂಘದಿಂದ ಶುರುಮಾಡಬೇಕು ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ.