ಎರಡನೆಯ ಸಾಲಿನವರ ಬೀದಿ

ಭಾನುವಾರ ಮಧ್ಯಾಹ್ನದ ಹೊತ್ತು. ನ್ಯೂ ಆರ್ಲಿಯನ್ಸ್‌ನ ಟ್ರೆಮೆ ಕೇರಿಯಲ್ಲೋ ಸೆವೆಂತ್ ವಾರ್ಡ್‌ನಲ್ಲೋ ಒಂದು ಬಾಗಿಲ ಮುಂದೆ ಬ್ಯಾಂಡಿನವರು ಕಾಯುತ್ತಿರುತ್ತಾರೆ. ಟ್ಯೂಬಾದವನು ಕೆನ್ನೆ ಉಬ್ಬಿಸಿ ಒಂದು ಗುಟುರು ಹಾಕುತ್ತಾನೆ. ಹಿಂದೆಯೇ ಡ್ರಮ್ಮು, ಟ್ರೊಂಬೋನ್, ಟ್ರಂಪೆಟ್. ಬಾಗಿಲು ತೆರೆಯುತ್ತದೆ. ಒಳಗಿಂದ ಒಬ್ಬೊಬ್ಬರೇ ಕುಣಿಯುತ್ತಾ ಹೊರಬರುತ್ತಾರೆ. ಟೋಪಿಯಿಂದ ಬೂಟಿನವರೆಗೆ ಹೊಂದುವ ಬಣ್ಣ, ಎದೆಗೆ ಅಡ್ಡವಾಗಿ ಸಂಘದ ಹೆಸರಿನ ಪಟ್ಟಿ, ಕೈಯಲ್ಲಿ ಗರಿ ಹಚ್ಚಿದ ಬೀಸಣಿಗೆ. ಇವರದು, ಬ್ಯಾಂಡಿನವರದು ಮೊದಲ ಸಾಲು. ಯಾರೂ ಕರೆಯದಿದ್ದರೂ ಬಂದು ಸೇರಿಕೊಳ್ಳುವ ಊರ ಜನರದು ಎರಡನೆಯ ಸಾಲು, 'ಸೆಕೆಂಡ್ ಲೈನ್'. ಇಡೀ ಮೆರವಣಿಗೆಗೆ ಹೆಸರು ಬಂದಿರುವುದು ಈ ಹಿಂದಿನವರಿಂದಲೇ.

ಬೇಸಿಗೆಯ ಸುಡುಬಿಸಿಲಿನ ಕೆಲವು ವಾರ ಬಿಟ್ಟರೆ ವರ್ಷದ ಬಹುಪಾಲು ಭಾನುವಾರ ಒಂದಲ್ಲ ಒಂದು ಸಂಘದ ಸರದಿ ಇದ್ದೇ ಇರುತ್ತದೆ. ಸುಮಾರು ನಾಲ್ಕು ತಾಸಿನ ನಡಿಗೆ. ದಾರಿಯಲ್ಲಿ ಸದಸ್ಯರ ಮನೆ ಮುಂದೆ, ಪರಿಚಯದ ಬಾರ್ ಮುಂದೆ ನಿಂತು ದಣಿವಾರಿಸಿಕೊಳ್ಳುತ್ತಾರೆ. ಪಿಕಪ್ ಗಾಡಿಯ ಹಿಂಬದಿಯಲ್ಲಿ ಒಲೆ ಹೂಡಿದವರು ಸಾಸೇಜ್ ಸುಡುತ್ತಾರೆ. ಇನ್ನೊಬ್ಬರು ಯಾಕಾಮೀನ್ ಮಾರುತ್ತಾರೆ. ಶಾವಿಗೆ, ದನದ ಮಾಂಸ, ಬೇಯಿಸಿದ ಮೊಟ್ಟೆ ಹಾಕಿದ ಖಾರದ ಸಾರು ಅದು.

ಕಪ್ಪು ಜನರ ಚರಿತ್ರೆಗೆಂದು ಅಮೆರಿಕದಲ್ಲಿ ಒಂದು ತಿಂಗಳೇ ಇದೆ. ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಫೆಬ್ರುವರಿಯ ಒಂದು ವಾರವನ್ನು ಇದಕ್ಕೆಂದು ತೆಗೆದಿರಿಸಿದರು. 1976ರಲ್ಲಿ ಆ ವಾರ ತಿಂಗಳಾಯಿತು. ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ ಅದರ ಕೆಲಸ ದೊಡ್ಡದು. ಆದರೆ ನ್ಯೂ ಆರ್ಲಿಯನ್ಸ್‌ನ ಕಪ್ಪು ಕೇರಿಗಳು ಅದಕ್ಕೂ ಬಹಳ ಮೊದಲೇ ತಮ್ಮ ಚರಿತ್ರೆಯನ್ನು ಕಾಲಿಗೆ, ಕೈಗೆ, ಉಸಿರಿಗೆ ಒಪ್ಪಿಸಿದ್ದವು. ಕಾಗದ ಪತ್ರವನ್ನು ನಂಬುವಂಥ ಸ್ಥಿತಿ ಅವರದಾಗಿರಲಿಲ್ಲ.

ಟ್ರೆಮೆಯ ಅಂಚಿನಲ್ಲಿ ಕಾಂಗೋ ಸ್ಕ್ವೇರ್ ಎಂಬ ಬಯಲಿದೆ. ಗುಲಾಮರಿಗೆ ಭಾನುವಾರ ಬಿಡುವು ಕೊಡಬೇಕೆಂಬ ನಿಯಮ ಫ್ರೆಂಚರ ಆಳ್ವಿಕೆಯಲ್ಲೇ, 1724ರ ಕಟ್ಟಳೆಯಲ್ಲಿ ಬಂದಿತ್ತು. 1817ರಲ್ಲಿ ನಗರಾಡಳಿತ, ಅವರು ಭಾನುವಾರ ಮಾತ್ರ, ಮೇಯರ್ ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಕೂಡಬೇಕೆಂದು ಕಾನೂನು ಮಾಡಿತು. ಕಣ್ಗಾವಲಿಗೆಂದು ಮಾಡಿದ ಬೇಲಿಯೊಳಗೆ ಆ ಜನ ಆಫ್ರಿಕಾದ ಲಯಗಳನ್ನು ಬಾರಿಸಿದರು, ವೃತ್ತ ಕಟ್ಟಿ ಕುಣಿದರು, ಕೈಯಲ್ಲಿದ್ದ ಚಿಕ್ಕಪುಟ್ಟ ಸರಕು ಮಾರಿದರು. 1819ರಲ್ಲಿ ವಾಸ್ತುಶಿಲ್ಪಿ ಬೆಂಜಮಿನ್ ಲ್ಯಾಟ್ರೋಬ್ ಅಲ್ಲಿ ಕಂಡ ವಾದ್ಯಗಳ ಚಿತ್ರ ಬರೆದಿಟ್ಟುಕೊಂಡರು. ಅವರಿಗೆ ಆ ಸದ್ದು ಹಿಡಿಸಿರಲಿಲ್ಲ. ಹಾಗಿದ್ದೂ ಡ್ರಮ್ಮುಗಳು, ಸೋರೆಬುರುಡೆಯ ತಂತಿವಾದ್ಯ ನಮ್ಮ ಕಣ್ಣಿಗೆ ಬೀಳುತ್ತಿರುವುದು ಅವರ ದಿನಚರಿಯಿಂದ. ಮುಂದೆ ಆ ಬಯಲಿಗೆ ಗುಲಾಮಗಿರಿಯ ಪರವಾಗಿ ಕಾದಿದ ಸೇನಾಪತಿ ಬೋರಿಗಾರ್ಡ್ ಹೆಸರಿಟ್ಟರು. ಜನ ಬಿಡದೆ ಕಾಂಗೋ ಸ್ಕ್ವೇರ್ ಎಂದೇ ಕರೆದರು. 2011ರಲ್ಲಿ ಸಿಟಿ ಕೌನ್ಸಿಲ್ ಜನರ ಬಾಯಲ್ಲಿದ್ದ ಹೆಸರನ್ನೇ ದಾಖಲೆಗೆ ತಂದಿತು.

ಬೀದಿಯಲ್ಲಿ ಕುಣಿಯುವ ಸಂಘಗಳು ಹುಟ್ಟಿದ್ದು ಸಾವಿನ ಖರ್ಚಿನಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಕಪ್ಪು ಕುಟುಂಬಗಳಿಗೆ ವಿಮೆ ಸಿಗುವುದು ದುಸ್ತರವಾಗಿತ್ತು. ಕಾಯಿಲೆ ಬಿದ್ದರೆ ವೈದ್ಯರಿಗೆ, ಸತ್ತರೆ ಶವಪೆಟ್ಟಿಗೆಗೆ ಎಲ್ಲಿಂದ ತರುವುದು? ಹತ್ತಾರು ಮನೆಯವರು ಸೇರಿ ತಿಂಗಳಿಗಿಷ್ಟು ವಂತಿಗೆ ಕಟ್ಟಿ ನಿಧಿ ಮಾಡಿಕೊಂಡರು. 1884ರಲ್ಲಿ ಹುಟ್ಟಿದ 'ಯಂಗ್ ಮೆನ್ ಒಲಿಂಪಿಯನ್' ಸಂಘ ಇಂದಿಗೂ ಮೆರವಣಿಗೆ ಹೊರಡಿಸುತ್ತದೆ. ಇಂಥ ಸಂಘಗಳಿಗೆ 'ಸೋಶಿಯಲ್ ಏಡ್ ಅಂಡ್ ಪ್ಲೆಷರ್ ಕ್ಲಬ್' ಎಂಬ ಹೆಸರು ನಿಂತಿತು. ಆಸರೆ, ಸಂತೋಷ ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ ಆ ಜನರ ಬಗ್ಗೆ ನನಗೆ ಬಹಳ ಗೌರವ. ಇಂಥ ಸಂಘಗಳಲ್ಲಿ ಹೆಸರಾದದ್ದು 'ಝುಲು'. ಮಾರ್ಡಿ ಗ್ರಾ ಹಬ್ಬದಲ್ಲಿ ಬಣ್ಣ ಬಳಿದ ತೆಂಗಿನಕಾಯಿ ಹಂಚುವವರು ಅವರೇ. 1949ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಆ ಸಂಘದ ರಾಜನಾಗಿ ಕೂತು ಹುಟ್ಟೂರಿನ ಬೀದಿಯಲ್ಲಿ ಮೆರೆದರು.

ಸದಸ್ಯರೊಬ್ಬರು ತೀರಿಕೊಂಡರೆ ಬ್ಯಾಂಡು ಬರಬೇಕು. ಸ್ಮಶಾನಕ್ಕೆ ಹೋಗುವಾಗ ನಿಧಾನದ ಸ್ತುತಿಗೀತೆ, ಹೆಜ್ಜೆ ಎಳೆಎಳೆದು ನಡಿಗೆ. ಸ್ನೇರ್ ಡ್ರಮ್ಮಿನ ಅಡಿಯಲ್ಲಿ ತಂತಿಗಳ ಒಂದು ಸಾಲಿರುತ್ತದೆ, ಚರ್ಮಕ್ಕೆ ತಾಗಿ ಚುರುಚುರು ಸದ್ದು ಕೊಡುವುದು ಅದೇ. ಹಳೆಯ ವಾದಕರು ದುಃಖದ ನಡಿಗೆಯಲ್ಲಿ ಅಲ್ಲಿ ಕರವಸ್ತ್ರ ಸಿಕ್ಕಿಸಿ ಸದ್ದನ್ನು ಮಂಕಾಗಿಸುತ್ತಿದ್ದರು. ಶವಕ್ಕೆ ಕೊನೆಯ ವಿದಾಯ ಹೇಳಿ ಅದನ್ನು ಕಳಿಸಿಕೊಡುವ ಗಳಿಗೆ ಒಂದಿದೆ. ಅದು ಮುಗಿದು ಒಂದಿಷ್ಟು ದೂರ ಬಂದಮೇಲೆ ಕರವಸ್ತ್ರ ಹೊರಬರುತ್ತದೆ, ಡ್ರಮ್ಮು ಬಾಯಿಬಿಡುತ್ತದೆ, ಟ್ರಂಪೆಟ್ ಮೇಲೇರುತ್ತದೆ, ಕೊಡೆಗಳು ಬಿಚ್ಚಿಕೊಳ್ಳುತ್ತವೆ. ಅಷ್ಟು ಹೊತ್ತು ಅತ್ತವರೇ ಕುಣಿಯುತ್ತಾರೆ. ಒಂದು ಆಯುಷ್ಯ ಈ ಲೋಕದ ಕಷ್ಟದಿಂದ ಬಿಡುಗಡೆಯಾಯಿತು ಎಂಬುದು ಅವರ ನಂಬಿಕೆ. ಗುಲಾಮಗಿರಿಯನ್ನು ಹಾದುಬಂದ ಕುಲದಲ್ಲಿ 'ಬಿಡುಗಡೆ' ಎಂಬ ಮಾತಿಗೆ ಎಷ್ಟು ತೂಕವಿರಬೇಕು.

ಇದೇ ಕೇರಿಗಳ ಇನ್ನೊಂದು ಪರಂಪರೆ ಬ್ಲ್ಯಾಕ್ ಮಾಸ್ಕಿಂಗ್ ಇಂಡಿಯನ್ನರದು. ಇಂಡಿಯನ್ ಎಂದರೆ ಇಲ್ಲಿ ಅಮೆರಿಕದ ಮೂಲನಿವಾಸಿಗಳು. ಓಡಿಹೋದ ಗುಲಾಮರಿಗೆ ಆಸರೆ ಕೊಟ್ಟವರ ನೆನಪಿಗೆ ಈ ವೇಷ ಎಂದು ಹಿರಿಯರು ಹೇಳುತ್ತಾರೆ. ವೇಷವನ್ನು ಅಂಗಡಿಯಲ್ಲಿ ಕೊಂಡು ತರುವಂತಿಲ್ಲ. ಹಗಲು ಕೂಲಿ ಮುಗಿಸಿ ಬಂದ ಗಂಡಸರು ಅಡುಗೆಮನೆಯ ಮೇಜಿಗೆ ಕೂತು, ಕ್ಯಾನ್ವಾಸ್ ತುಂಡಿನ ಮೇಲೆ ಚಿತ್ರ ಬರೆದುಕೊಂಡು, ಸೂಜಿಗೆ ಮಣಿ ಪೋಣಿಸಿ ಹೊಲಿಯುತ್ತಾ ಹೋಗುತ್ತಾರೆ. ಬೆರಳ ತುದಿ ದಡ್ಡುಗಟ್ಟುತ್ತದೆ. ಒಂದು ವೇಷಕ್ಕೆ ಸುಮಾರು ಒಂದು ವರ್ಷ. ಮಾರ್ಡಿ ಗ್ರಾ ದಿನ, ಮಾರ್ಚ್ 19ರ ಸೇಂಟ್ ಜೋಸೆಫ್ ರಾತ್ರಿ, ಆಮೇಲೆ 'ಸೂಪರ್ ಸಂಡೇ' ಮೆರವಣಿಗೆ. ಮುಗಿಯಿತು, ಮುಂದಿನ ವರ್ಷಕ್ಕೆ ಹೊಸದೇ ಆಗಬೇಕು.

ಹಿಂದೆ ಈ ವೇಷಧಾರಿಗಳ ತಂಡಗಳು ಎದುರಾದರೆ ಹೊಡೆದಾಟ, ರಕ್ತ. ಅದನ್ನು ಬದಲಿಸಿದವರಲ್ಲಿ ಮುಖ್ಯರು ಆಲಿಸನ್ 'ಟೂಟಿ' ಮೊಂಟಾನಾ. 1922ರಲ್ಲಿ ಹುಟ್ಟಿದ ಇವರು ಕಟ್ಟಡಗಳ ಗೋಡೆಗೆ ಗಾರೆ ಹಿಡಿಯುವ ಜಾಲರಿ ಕಟ್ಟುವ ಕೆಲಸದವರು. ಚಾಕುವಿನಿಂದ ಗೆಲ್ಲಬೇಡ, ಸೂಜಿಯಿಂದ ಗೆಲ್ಲು ಎಂಬ ಪಾಠವನ್ನು ಐವತ್ತಕ್ಕೂ ಹೆಚ್ಚು ವರ್ಷ ವೇಷ ಹೊಲಿದೇ ಕಲಿಸಿದರು. 2005ರ ಸೇಂಟ್ ಜೋಸೆಫ್ ರಾತ್ರಿ ಪೊಲೀಸರು ತಂಡಗಳನ್ನು ಗದರಿಸಿ ಚದುರಿಸಿದ್ದರು. ಅದರ ವಿಚಾರಣೆಗೆ ಜೂನ್ 27ರಂದು ಸಿಟಿ ಕೌನ್ಸಿಲ್ ಸಭೆ ಸೇರಿದಾಗ ಮೊಂಟಾನಾ ಮಾತಾಡಲು ಎದ್ದರು. ಮಾತಿನ ನಡುವೆಯೇ ಕುಸಿದರು, ಮತ್ತೆ ಏಳಲಿಲ್ಲ.

ಎರಡು ತಿಂಗಳಿಗೆ, ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂತು. ಒಡ್ಡುಗಳು ಒಡೆದು ನಗರದ ಶೇ 80ರಷ್ಟು ಮುಳುಗಿತು. ಜನ ಹ್ಯೂಸ್ಟನ್, ಅಟ್ಲಾಂಟಾ ಎಂದು ದಿಕ್ಕಾಪಾಲಾದರು. 2006ರ ಜನವರಿಯಲ್ಲಿ ಸಂಘಗಳು ಒಂದಾಗಿ ದೊಡ್ಡ ಸೆಕೆಂಡ್ ಲೈನ್ ಕರೆದಾಗ, ಮನೆ ಕೊಳೆತು ಕೂತಿದ್ದರೂ ಕುಣಿಯಲು ಬಂದರು. ಅಂದು ಕೊನೆಯಲ್ಲಿ ಗುಂಡು ಹಾರಿ ಮೂವರು ಗಾಯಗೊಂಡರು. ಬಂದೋಬಸ್ತ್ ಶುಲ್ಕವನ್ನು ಪೊಲೀಸರು ಹಲವು ಪಟ್ಟು ಏರಿಸಿದರು. ವಂತಿಗೆಯ ದುಡ್ಡಿನಲ್ಲಿ ನಡೆಯುವ ಸಂಘಗಳು ಫೆಡರಲ್ ಕೋರ್ಟಿಗೆ ಹೋದವು, 2007ರಲ್ಲಿ ರಾಜಿಯಾಗಿ ಶುಲ್ಕ ಇಳಿಯಿತು. ಪ್ರವಾಸೋದ್ಯಮದ ಪೋಸ್ಟರಿಗೆ ಬೇಕಾದ ಕೊಡೆ, ಟ್ರಂಪೆಟ್ಟುಗಳು ಬೀದಿಗಿಳಿದರೆ ದುಬಾರಿ ದಂಡ ತೆರಬೇಕಾಗುವುದು ಅನ್ಯಾಯವಲ್ಲದೆ ಮತ್ತೇನು?

ಈ ಟ್ರೆಮೆಗೆ ನಮ್ಮ ದೇಶದವರ ಹೆಜ್ಜೆಯೂ ಬಿದ್ದಿದೆ. 1880ರ ದಶಕದಿಂದ ಬಂಗಾಳದ ಹೂಗ್ಲಿ ಕಡೆಯ ಮುಸ್ಲಿಂ ವ್ಯಾಪಾರಿಗಳು ಕಸೂತಿ ಬಟ್ಟೆಯ ಗಂಟು ಹೊತ್ತು ಇಲ್ಲಿಗೆ ಬಂದರು. ಬಿಳಿಯರ ಕೇರಿಯಲ್ಲಿ ಮನೆ ಸಿಗದ ಅವರಿಗೆ ಬಾಗಿಲು ತೆರೆದದ್ದು ಕಪ್ಪು ಜನ. ಕೆಲವರು ಅಲ್ಲೇ ಮದುವೆಯಾಗಿ ಮಕ್ಕಳೊಂದಿಗರಾದರು.

ಟ್ರೆಮೆಯ ಪಕ್ಕದಲ್ಲಿ ಕ್ಲೇಬೋರ್ನ್ ಅವೆನ್ಯೂ ಇದೆ. ಅದರ ನಡುವೆ ಉದ್ದಕ್ಕೂ ಓಕ್ ಮರಗಳಿದ್ದವು. ಬಿಳಿಯರ ಮಾರ್ಡಿ ಗ್ರಾದಲ್ಲಿ ಜಾಗವಿಲ್ಲದ ಕಪ್ಪು ಕುಟುಂಬಗಳು ಆ ನೆರಳಲ್ಲಿ ಚಾಪೆ ಹಾಸಿ ಹಬ್ಬ ಮಾಡುತ್ತಿದ್ದವು. 1966ರಲ್ಲಿ ಹೆದ್ದಾರಿಗೆಂದು ಮರಗಳನ್ನು ಉರುಳಿಸಿದರು. ಮೇಲೆ ಸೇತುವೆ ಬಂತು, ಕೆಳಗಿನ ಅಂಗಡಿಮುಂಗಟ್ಟು ಒಂದೊಂದಾಗಿ ಮುಚ್ಚಿತು. ಜನ ಮಾತ್ರ ಹಬ್ಬಕ್ಕೆ ಅಲ್ಲಿಗೇ ಬರುತ್ತಾರೆ. ಕಾಂಕ್ರೀಟ್ ಕಂಬಗಳ ಮೇಲೆ ಕಲಾವಿದರು ಓಕ್ ಮರಗಳನ್ನು ಬರೆದಿದ್ದಾರೆ. ಮೆರವಣಿಗೆ ಸೇತುವೆಯಡಿಗೆ ಬಂದಾಗ ಬ್ಯಾಂಡಿನವರು ಹೆಜ್ಜೆ ನಿಧಾನ ಮಾಡುತ್ತಾರೆ. ಮಾಡಿಗೆ ಬಡಿದ ಟ್ರಂಪೆಟ್ಟಿನ ದನಿ ಇಮ್ಮಡಿಯಾಗಿ ಮರಳಿ ಬೀಳುತ್ತದೆ. ಮೇಲೆ ಲಾರಿಗಳು ಓಡುತ್ತಿರುತ್ತವೆ, ಕೆಳಗೆ ಬರೆದ ಮರಗಳ ನಡುವೆ ಎರಡನೆಯ ಸಾಲಿನವರು ಕೊಡೆ ಎತ್ತಿ ಕುಣಿಯುತ್ತಿರುತ್ತಾರೆ.