ಹೆಸರುಕಾಳಿನ ಮೇಲಿನ ಬಿಳಿ ಚುಕ್ಕೆ

ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇತ್ತು. ಆದರೂ ಒಳಗಿನ ಹೆಸರುಕಾಳಲ್ಲಿ ಹುಳ! ಎಲ್ಲಿಂದ ಬಂತು?

ಬಹಳಷ್ಟು ಸಲ ಅದು ಕಾಳಿನ ಜೊತೆಗೇ ಮನೆಗೆ ಬಂದಿರುತ್ತದೆ. ಕಾಳಿಗೆ ಅಂಟಿಕೊಂಡ ಪುಟ್ಟ ಬಿಳಿ ಚುಕ್ಕೆಯೇ ಅದರ ಮೊಟ್ಟೆ. ಮರಿ ಕಾಳಿನೊಳಗೇ ತಿಂದು ಬೆಳೆದು, ಕೊನೆಗೆ ದುಂಡನೆಯ ತೂತು ಮಾಡಿಕೊಂಡು ಹೊರಬೀಳುತ್ತದೆ.

ಅಕ್ಕಿ, ಗೋಧಿ, ಜೋಳಕ್ಕೆ ಬೀಳುವ ಮೂತಿಹುಳ ಇನ್ನೂ ಚಾಲಾಕಿ. ಕಾಳು ಕೊರೆದು, ಮೊಟ್ಟೆಯಿಟ್ಟು, ಅಂಟಿನಿಂದ ತೂತು ಮುಚ್ಚಿಬಿಡುತ್ತದೆ. ಕಣ್ಣಿಗೆ ಏನೂ ಕಾಣದು. ವಾತಾವರಣ ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಹೊಸ ಪೀಳಿಗೆ ಸಿದ್ಧ.

ಹಾಗಾದರೆ ದಾರಿ? ಕಾಳನ್ನು ಜರಡಿ ಹಿಡಿದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಪೂರ್ತಿ ಆರಿದ ಮೇಲೆ ತುಂಬಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಡಬ್ಬಿಯೊಳಗೆ ಬೆವರುತ್ತದೆ. ಆ ತೇವವೇ ಹುಳಕ್ಕೆ ಹಬ್ಬ. ಸ್ವಲ್ಪವೇ ಕಾಳಿದ್ದರೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ.

ಕಾಳಿಗೆ ತೆಳುವಾಗಿ ಹರಳೆಣ್ಣೆ ಸವರುವುದು ಅಜ್ಜಿಯರ ಕಾಲದ ಉಪಾಯ. ಎಣ್ಣೆಯ ಪದರದಲ್ಲಿ ಮೊಟ್ಟೆ ಉಸಿರುಗಟ್ಟುತ್ತದೆ.

ಹಳೇ ಮೈಸೂರು ಸೀಮೆಯ ರೈತರು ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚುತ್ತಿದ್ದರು. ಒಳಗೆ ಆಮ್ಲಜನಕ ಕುಗ್ಗಿ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿತ್ತು. ಹುಳಕ್ಕೆ ಉಳಿಗಾಲವಿಲ್ಲ! ತೆರೆದ ತಕ್ಷಣ ಮನುಷ್ಯರೂ ಅದರೊಳಗೆ ಇಳಿಯುವಂತಿರಲಿಲ್ಲ.

ಅಡುಗೆಮನೆಗೂ ಇದೇ ಲೆಕ್ಕ. ಅರ್ಧ ಖಾಲಿಯಾದ ದೊಡ್ಡ ಡಬ್ಬಿಗಿಂತ, ಕಂಠದವರೆಗೆ ತುಂಬಿದ ಎರಡು ಸಣ್ಣ ಡಬ್ಬಿಗಳಲ್ಲಿ ಗಾಳಿ ಕಡಿಮೆ. ಹಳೆಯ ಕಾಳು ಮುಗಿದು, ಡಬ್ಬಿ ತೊಳೆದು ಒಣಗಿದ ಮೇಲೆಯೇ ಹೊಸದನ್ನು ಸುರಿಯಬೇಕು.